ಗ್ರೌಂಡ್ ಕ್ಲಿಯರೆನ್ಸ್ ಅಂಕಿಯನ್ನು ಕೊನೆಗೆ ನೋಡಿ

ಆಫ್‌ರೋಡ್ ಗಾಡಿಗಳ ಸಸ್ಪೆನ್ಷನ್ ಕೆಲಸವೇ ನನ್ನ ದಿನನಿತ್ಯದ ಕೆಲಸ. ಬೇಸ್ ಮಾಡೆಲ್ ತಗೊಂಡು ಆಮೇಲೆ ಸಸ್ಪೆನ್ಷನ್ ಬದಲಾಯಿಸುವುದಾ, ಇಲ್ಲ ಟಾಪ್ ವೇರಿಯಂಟನ್ನೇ ತಗೊಳ್ಳುವುದಾ ಅಂತ ಜನ ಕೇಳುತ್ತಲೇ ಇರುತ್ತಾರೆ. ಎಲ್ಲರ ಬಾಯಲ್ಲೂ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ತಳಕ್ಕಿರುವ ಎತ್ತರದ ಅಂಕಿ ಒಂದೇ.

ಆದರೆ ರ‍್ಯಾಂಗ್ಲರ್ ಜೀಪ್ ತರಹ ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಗಾಡಿಗೆ ಎಷ್ಟೇ ಉದ್ದದ ಸ್ಪ್ರಿಂಗ್ ಹಾಕಿದರೂ ಮೇಲೇಳುವುದು ಚಾಸಿ, ಬಾಡಿ ಮಾತ್ರ. ಆಕ್ಸಲ್ ನಡುವೆ ತಗ್ಗಿನಲ್ಲಿರುವ ಗೇರ್ ಡಬ್ಬಿ, ಅಂದರೆ ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ. ಅದು ಏಳಬೇಕಾದರೆ ಟೈರ್ ದೊಡ್ಡದಾಗಬೇಕು, 2 ಇಂಚು ದೊಡ್ಡ ಟೈರ್ ಹಾಕಿದರೂ ಸಿಗುವುದು 1 ಇಂಚು.

ನಾನು ಮೊದಲು ನೋಡುವುದು ಸ್ವೇ ಬಾರ್, ಅಂದರೆ ಎಡ ಬಲ ಚಕ್ರಗಳ ಸಸ್ಪೆನ್ಷನ್ನನ್ನು ಜೋಡಿಸುವ ಸರಳು. ರ‍್ಯಾಂಗ್ಲರ್‌ನ ರೂಬಿಕಾನ್ ವೇರಿಯಂಟ್‌ನಲ್ಲಿ ಮುಂದಿನ ಸ್ವೇ ಬಾರನ್ನು ಬಟನ್ ಒತ್ತಿ ಬಿಡಿಸಬಹುದು, ಸಹಾರಾ ವೇರಿಯಂಟ್‌ನಲ್ಲಿ ಆ ಬಟನ್ ಇಲ್ಲ. ಫೋರ್ಕ್‌ಲಿಫ್ಟ್‌ನಿಂದ ಮುಂದಿನ ಒಂದು ಚಕ್ರ ಎತ್ತುತ್ತಾ ಹೋಗಿ, ಫರಕು ಕಣ್ಣಿಗೇ ಕಾಣುತ್ತದೆ. ಬಾರ್ ಜೋಡಿಸಿದ್ದರೆ ಬಾಡಿ ಬೇಗ ವಾಲುತ್ತದೆ, ಇನ್ನೊಂದು ಚಕ್ರ ನೆಲ ಬಿಡುತ್ತದೆ. ಬಿಡಿಸಿದ್ದರೆ ಎತ್ತಿದ ಚಕ್ರ ಫೆಂಡರ್ ಒಳಗೆ ನುಗ್ಗುತ್ತಾ ಹೋದರೂ ಉಳಿದ ಮೂರು ನೆಲ ಕಚ್ಚಿಕೊಂಡೇ ಇರುತ್ತವೆ. ಕಲ್ಲು ಹತ್ತುವಾಗ ಬೇಕಿರುವುದು ಇದೇ ಅಲ್ವಾ?

ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್ ವಿಷಯ ಬೇರೆ. ಸವೆದು ಅಲೆ ಅಲೆಯಾದ ಮಣ್ಣಿನ ದಾರಿಯಲ್ಲಿ ಜೋರಾಗಿ ಓಡಿಸಿ ಬಂದ ಗಾಡಿಯ ಶಾಕ್ ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಎಣ್ಣೆ ಕಾದು, ಸಾಧಾರಣ ಶಾಕ್ ಆದರೆ ಗ್ಯಾಸ್ ಜೊತೆ ಬೆರೆತು ನೊರೆಯಾಗುತ್ತದೆ, ಆಮೇಲೆ ಗಾಡಿ ಸುಮ್ನೆ ಕುಣಿಯತೊಡಗುತ್ತದೆ. ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್‌ನಲ್ಲಿ ಗ್ಯಾಸನ್ನೂ ಎಣ್ಣೆಯನ್ನೂ ಒಂದು ತೇಲುವ ಪಿಸ್ಟನ್ ಬೇರೆ ಮಾಡಿರುತ್ತದೆ, ಅದಕ್ಕೇ ಅದು ತಡೆಯುತ್ತದೆ. ಹೊರಗೆ ರಿಸರ್ವಾಯರ್ ಇದ್ದರೆ ಎಣ್ಣೆಯೂ ಜಾಸ್ತಿ. ಬರೀ ನಡಿಗೆಯ ವೇಗದಲ್ಲಿ ಕಲ್ಲು ಹತ್ತುವವರಿಗೆ ಇಷ್ಟು ದುಬಾರಿ ಶಾಕ್ ಯಾಕೆ ಅಂತ ನಾನು ನೇರವಾಗಿಯೇ ಕೇಳುತ್ತೇನೆ. (ಕೆಲವರಿಗೆ ಬೇಜಾರಾಗುತ್ತದೆ, ಇರಲಿ.)

ವೇರಿಯಂಟ್ ಹೆಸರು ನೋಡಿ ನಿರ್ಧರಿಸುವುದೂ ಬೇಡ. 2021ರ ಫೋರ್ಡ್ ಬ್ರಾಂಕೋದಲ್ಲಿ ಬೇಸ್ ಮಾಡೆಲ್‌ಗೇ ಸ್ಯಾಸ್ಕ್ವಾಚ್ ಪ್ಯಾಕೇಜ್ ಹಾಕಿಸಬಹುದಿತ್ತು. 35 ಇಂಚಿನ ಟೈರ್, ಹಿಂದೆ ಮುಂದೆ ಲಾಕರ್ (ಎಡ ಬಲ ಚಕ್ರ ಒಟ್ಟಿಗೆ ತಿರುಗುವಂತೆ ಡಿಫರೆನ್ಷಿಯಲ್ ಲಾಕ್ ಮಾಡುವುದು), ಬಿಲ್‌ಸ್ಟೈನ್ ಶಾಕ್ ಎಲ್ಲ ಅದರಲ್ಲೇ ಬರುತ್ತಿದ್ದವು.

ಇನ್ನು ಭಾರ. ಕಂಪನಿ ಶಾಕ್‌ನ ವಾಲ್ವಿಂಗ್ (ಒಳಗಿನ ಎಣ್ಣೆ ಹರಿಯುವುದನ್ನು ಎಷ್ಟು ತಡೆಯಬೇಕು ಅನ್ನುವ ಲೆಕ್ಕ) ಹೊಂದಿಸಿರುವುದು ಕಂಪನಿ ಸ್ಪ್ರಿಂಗ್‌ಗೆ, ಕಂಪನಿ ತೂಕಕ್ಕೆ. ಕಬ್ಬಿಣದ ಬಂಪರ್, ವಿಂಚ್, ಮೇಲೊಂದು ಟೆಂಟ್ ಏರಿಸಿದ ಮೇಲೆ ಟಾಪ್ ವೇರಿಯಂಟ್ ಕೂಡ ಕುಸಿದು ಕೂರುತ್ತದೆ. ಅದಕ್ಕೆ ಸಾಮಾನೆಲ್ಲ ತುಂಬಿಸಿಕೊಂಡೇ ಗಾಡಿ ತನ್ನಿ ಅನ್ನುತ್ತೇನೆ. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಆಕ್ಸಲನ್ನು ತಡೆಯುವ ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಅಳೆದ ಮೇಲೆಯೇ ಯಾವ ಸ್ಪ್ರಿಂಗ್ ಅನ್ನುವ ಮಾತು.