ಹತ್ತು ಮಾರು ತಂತಿ

ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. ಸೈನ್ಯದಲ್ಲಿ ನಮ್ಮ ರೇಡಿಯೋ ಟ್ರೇಡಿನವನೇ, ನಿಕೋಬಾರಿಗೆ ಪೋಸ್ಟಿಂಗ್ ಬಂದಿದೆಯಂತೆ. "ಸಾರ್, 2020ರಲ್ಲೇ ಚೆನ್ನೈಯಿಂದ ಸಮುದ್ರದೊಳಗೆ ಕೇಬಲ್ ಬಂತು, ಉಪಗ್ರಹದ ವಿಸ್ಯಾಟ್ ಕೂಡ ಇದೆ. ಇನ್ನೂ ಎಚ್‌ಎಫ್ ಸೆಟ್ (ಆಕಾಶದ ಪದರಕ್ಕೆ ತಾಗಿಸಿ ದೂರಕ್ಕೆ ಮಾತಾಡುವ ರೇಡಿಯೋ) ಯಾಕೆ ಹೊರಬೇಕು?" ಅಂತ ಕೇಳಿದ. ಅವನಿಗೆ ನಾನು ನಿಕೋಬಾರಿನದೇ ಕಚಾಲ್ ದ್ವೀಪದ ಒಂದು ರಾತ್ರಿಯ ಕಥೆ ಹೇಳಿದೆ.

2005ರ ಜನವರಿ. ಸುನಾಮಿ ಬಂದು ಎರಡು ವಾರವೂ ಆಗಿರಲಿಲ್ಲ. ಪರಿಹಾರಕ್ಕೆ ಹೊರಟ ತುಕಡಿಯ ಜೊತೆ ನಾಲ್ಕು ಜನರ ಸಿಗ್ನಲ್ಸ್ ಡಿಟ್ಯಾಚ್‌ಮೆಂಟ್, ಅದಕ್ಕೆ ನಾನು ಇನ್‌ಚಾರ್ಜ್. ಪೋರ್ಟ್ ಬ್ಲೇರಿನಿಂದ ಕಚಾಲ್ ಸುಮಾರು 400 ಕಿಲೋಮೀಟರ್. ಹಡಗಿನಿಂದ ಜೆಮಿನಿಗೆ (ಗಾಳಿ ತುಂಬಿದ ರಬ್ಬರ್ ದೋಣಿ) ಸಾಮಾನು ಇಳಿಸುವಾಗ ತೂಕ ಇಳಿಸಿ ಅಂದರು. ಯಾವ ಸಾಮಾನು ಎಷ್ಟು ಅಂತ ಲೋಡ್ ಟೇಬಲ್ ಬರೆಯುವವರು ಆಫೀಸಿನಲ್ಲಿ ಕೂತು ಬರೆಯುತ್ತಾರೆ, ಅಲೆಯಲ್ಲಿ ನಿಂತು ಬಿಡಬೇಕಾದವರು ನಾವು. ಆದರೆ ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡಿದ್ದು ನಾನೇ. ವೈರ್ ಡೈಪೋಲ್ ಕಿಟ್ (ಎರಡು ಕಡೆಗೆ ಎಳೆದು ಕಟ್ಟುವ ತಂತಿ ಆಂಟೆನಾ) ಹಡಗಿನಲ್ಲೇ ಬಿಟ್ಟು ಬ್ಯಾಟರಿ ಜಾಸ್ತಿ ಇಟ್ಟುಕೊಂಡೆ. ಸೆಟ್ಟಿಗೇ ಸಿಕ್ಕಿಸುವ ಕೋಲಿನಂಥ ವಿಪ್ ಆಂಟೆನಾ ಇದೆಯಲ್ಲ, ಸಾಕು ಅಂದುಕೊಂಡೆ.

ಹನ್ನೊಂದು ಗಂಟೆಗೆ ಸೆಟ್ ಹಾಕಿದೆವು. 9 ಮೆಗಾಹರ್ಟ್ಸ್‌ನಲ್ಲಿ ಪೋರ್ಟ್ ಬ್ಲೇರಿನ ಕಂಟ್ರೋಲ್ ಸ್ಟೇಷನ್ ಸಿಕ್ಕಿತು, ಸ್ವಲ್ಪ ಸಣ್ಣ ದನಿ. "ಥ್ರೂ" (ಸಂಪರ್ಕ ಸಿಕ್ಕಿದೆ) ಅಂತ ಲಾಗ್‌ನಲ್ಲಿ ಬರೆದು, ಸಾಹೇಬರಿಗೆ ರಿಪೋರ್ಟ್ ಕೊಟ್ಟು, ಹೆಣ ತೆಗೆಯುವ ಪಾರ್ಟಿಗೆ ಕೈ ಜೋಡಿಸಲು ಹೋದೆ.

ಸಂಜೆ ಏಳೂವರೆಗೆ ಡಾಕ್ಟರ್ ಓಡಿ ಬಂದರು. ಕಚಾಲಿನಲ್ಲಿ ರಬ್ಬರ್ ತೋಟ ಇದೆ. ಶ್ರೀಲಂಕಾದಿಂದ ವಾಪಸ್ ಬಂದ ತಮಿಳು ಕುಟುಂಬಗಳು ಅಲ್ಲಿ ನೆಲೆಸಿವೆ. ಆ ಕುಟುಂಬಗಳ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ. ಬೆಳಕು ಹರಿಯುವಾಗ ಹೆಲಿಕಾಪ್ಟರ್ ಬರಬೇಕು ಅಂದರೆ ಇವತ್ತು ರಾತ್ರಿಯೇ ಮೆಸೇಜ್ ಹೋಗಬೇಕು. ಇದ್ದ ಒಂದು ಸ್ಯಾಟ್ ಫೋನು ಇನ್ನೊಂದು ಪಾರ್ಟಿಯ ಜೊತೆ ಹೋಗಿತ್ತು.

ಮಾತಾಡುವ ಸ್ವಿಚ್, ಪ್ರೆಸ್ಸೆಲ್, ಒತ್ತಿದೆ. ಕರೆದೆ. ಬರೀ ಚರಚರ ಸದ್ದು. ಮತ್ತೆ ಕರೆದೆ. ಐದು ನಿಮಿಷಕ್ಕೊಮ್ಮೆ, ಆಮೇಲೆ ಎರಡು ನಿಮಿಷಕ್ಕೊಮ್ಮೆ. ಬೆಳಗ್ಗೆ ಸರಿಯಾಗಿ ಮಾತಾಡಿದ ಸೆಟ್ಟು ಈಗ ಮಾತಾಡದೇ ಹೋದರೆ ಸೆಟ್ಟೇ ಕೆಟ್ಟಿದೆ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬ್ಯಾಟರಿ ಬದಲಾಯಿಸಿದೆ. ಕನೆಕ್ಟರ್ ಬಿಚ್ಚಿ, ಉಪ್ಪು ಹಿಡಿದಿದೆಯಾ ಅಂತ ಟಾರ್ಚ್ ಹಿಡಿದು ಬನಿಯನ್ನಿನಿಂದ ಒರೆಸಿದೆ. ಹೆಡ್‌ಸೆಟ್ ಬದಲಾಯಿಸಿದೆ. ಡೇರೆಯ ಆಚೆ ಆ ಹುಡುಗಿಯ ತಾಯಿ ಕೂತಿದ್ದರು. ನಾನು ಕೋಲಾರದ ಕಡೆಯವನು, ತಮಿಳು ಬರುತ್ತೆ. "ಸಿಕ್ಕಿತಾ ತಂಬಿ?" ಅಂತ ಪ್ರತಿ ಸಲ ಅವರು ಕೇಳುವುದು ಅರ್ಥವಾಗುತ್ತಿತ್ತು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಇಷ್ಟು ವರ್ಷ ಆದರೂ ಆ ಮುಕ್ಕಾಲು ಗಂಟೆ ನನ್ನನ್ನು ಬಿಟ್ಟಿಲ್ಲ.

ಸೆಟ್ ಸರಿಯಾಗೇ ಇತ್ತು. ಬದಲಾಗಿದ್ದು ಆಕಾಶ. ಹಗಲಲ್ಲಿ 9 ಮೆಗಾಹರ್ಟ್ಸ್ ಆಕಾಶದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ ತಾಗಿ ವಾಪಸ್ ಬರುತ್ತೆ. ಕತ್ತಲಾದ ಮೇಲೆ ಪದರ ತೆಳುವಾಗಿ, ತೂರಿಕೊಂಡು ಹೊರಟೇ ಹೋಗುತ್ತೆ. ರಾತ್ರಿಗೆ 4ಕ್ಕೆ ಇಳಿಯಬೇಕು. ಟ್ರೇನಿಂಗಿನ ಮೊದಲ ತಿಂಗಳ ಪಾಠ ಇದು. 4ಕ್ಕೆ ಇಳಿಸಿ ನೋಡಿದೆ. ಮೂರು ಮೀಟರಿನ ವಿಪ್ಪಿಗೆ ಅದು ದಕ್ಕಲಿಲ್ಲ. ಅದಕ್ಕೆ ಬೇಕಾದ ಡೈಪೋಲ್ ಹಡಗಿನಲ್ಲಿ ಮಲಗಿತ್ತು.

ಆಗ ಕಣ್ಣಿಗೆ ಬಿದ್ದದ್ದು ಡಾಕ್ಟರ ಡೇರೆಗೆ ಟೆಲಿಫೋನ್ ಎಳೆಯಲು ತಂದಿದ್ದ ಫೀಲ್ಡ್ ಕೇಬಲ್ ಡ್ರಮ್. ಆ ತಂತಿಯಿಂದಲೇ ಡೈಪೋಲ್ ಮಾಡಬಹುದು, ಒಂದೊಂದು ಕಡೆಗೆ 18 ಮೀಟರ್ ಬೇಕು. ಟೇಪ್ ಇಲ್ಲ. ನಮ್ಮಜ್ಜ ಬಾವಿ ಹಗ್ಗ ಅಳೆಯುತ್ತಿದ್ದ ಹಾಗೆ ಎರಡೂ ಕೈ ಚಾಚಿ ಅಳೆದೆ. ಹತ್ತು ಮಾರು ಈ ಕಡೆ, ಹತ್ತು ಮಾರು ಆ ಕಡೆ. ಊರಿನ ಕ್ಯಾಪ್ಟನ್ (ನಿಕೋಬಾರಿಗಳು ಊರ ಮುಖ್ಯಸ್ಥನನ್ನು ಹಾಗೇ ಕರೆಯುವುದು) ಇಬ್ಬರು ಹುಡುಗರನ್ನು ತೆಂಗಿನ ಮರಕ್ಕೆ ಹತ್ತಿಸಿದರು. ಆ ಊರಿನ ಅರ್ಧ ಜನ ಸಮುದ್ರ ಪಾಲಾಗಿದ್ದರು. ಆದರೂ ಅವರು ಒಂದು ಮಾತೂ ಕೇಳದೆ ಕತ್ತಲಲ್ಲಿ ಹತ್ತಿದರು. ಮೂರು ಆಳೆತ್ತರ ಸಾಕು ಅಂದೆ. ಪಕ್ಕದ ದೇಶಕ್ಕೆ ಮಾತಾಡುವುದಿರಲಿಲ್ಲ, ರೇಡಿಯೋ ಅಲೆ ನೆಟ್ಟಗೆ ಮೇಲೆ ಹೋಗಿ 400 ಕಿಲೋಮೀಟರಿನೊಳಗೆ ಇಳಿದರೆ ಆಯಿತು.

ಹತ್ತು ಗಂಟೆ ಐವತ್ತು ನಿಮಿಷಕ್ಕೆ ಕಂಟ್ರೋಲ್ ಉತ್ತರ ಕೊಟ್ಟಿತು. ಮೆಸೇಜ್ ಓದುವಾಗ ನನ್ನ ದನಿ ನಡುಗುತ್ತಿತ್ತು. ಎರಡು ಸಲ ರಿಪೀಟ್ ಮಾಡಿಸಿಕೊಂಡರು. ಬೆಳಗ್ಗೆ ಆರೂಕಾಲಿಗೆ ಹೆಲಿಕಾಪ್ಟರ್ ಇಳಿಯಿತು.

ಹುಡುಗನಿಗೆ ಇಷ್ಟೇ ಹೇಳಿದೆ: ಕತ್ತಲಲ್ಲಿ ಒಂದು ಸಲ ಮಾತಾಡಿ ನೋಡುವ ತನಕ "ಥ್ರೂ" ಅಂತ ಬರೆಯಬೇಡ. ಯಾರು ಏನೇ ಹೇಳಲಿ, ತಂತಿ ಬಿಟ್ಟು ಹೋಗಬೇಡ. ಕೇಬಲ್, ವಿಸ್ಯಾಟ್ ಎಲ್ಲ ಒಳ್ಳೆಯದೇ, ನನಗೂ ಸಂತೋಷ. ಆದರೆ ಆ ದಿನ ದ್ವೀಪದ ಮೇಲೆ ನಿಂತಿದ್ದದ್ದು ಮರಗಳು ಮಾತ್ರ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಗು ಏನಾಯ್ತು ಸಾರ್?" ಅಂದ.

ಗಂಡು ಮಗು. ಪೋರ್ಟ್ ಬ್ಲೇರಿನಲ್ಲಿ ಹುಟ್ಟಿತು. ಮೂರನೇ ದಿನ ರಾತ್ರಿ ಅದೇ 4 ಮೆಗಾಹರ್ಟ್ಸ್‌ನಲ್ಲಿ ಕಂಟ್ರೋಲಿನವನು ಹೇಳಿದ. ನಾನು ಹೆಡ್‌ಸೆಟ್ ತೆಗೆದು ಆ ಅಜ್ಜಿಯ ಕಿವಿಗೆ ಇಟ್ಟು, ಇನ್ನೊಮ್ಮೆ ಹೇಳು ಅಂದೆ.