ಸಜ್ಜೆ ಹೊಲದ ನಡುವೆ ಹಸಿವಿನ ಆಗಸ್ಟ್: ನಿಯಾಮೆಯಿಂದ ಮರಾದಿಗೆ

ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ರಾಜಧಾನಿ ನಿಯಾಮೆಯಿಂದ ಪೂರ್ವಕ್ಕಿರುವ ಮರಾದಿಗೆ ಸುಮಾರು 660 ಕಿ.ಮೀ. ದೊಸ್ಸೊ, ಬಿರ್ನಿ ಎನ್‌ಕೊನ್ನಿ ದಾಟಿ ಹೋಗುವ ಹೆದ್ದಾರಿ. ಆಗಸ್ಟ್‌ನಲ್ಲಿ ಹೊರಟರೆ ಎರಡೂ ಬದಿ ಆಳೆತ್ತರದ ಸಜ್ಜೆ, ಸಾಲಿನ ನಡುವೆ ಅಲಸಂದೆ. ಹೊಲ ಇಷ್ಟು ಹಸಿರಾಗಿರುವ ಈ ತಿಂಗಳಲ್ಲೇ ಮನೆಗಳಲ್ಲಿ ಹಸಿವು ಅತಿ ಹೆಚ್ಚು.

ಯಾಕೆಂಬುದಕ್ಕೆ ಊರಂಚಿನ ಕಣಜ ನೋಡಬೇಕು. ಹೌಸಾ ಮಾತಿನಲ್ಲಿ ಅದು ರುಂಬು. ನಮ್ಮ ಉತ್ತರ ಕರ್ನಾಟಕದ ಹಗೇವಿನಂತೆ ನೆಲದೊಳಗಲ್ಲ. ಗೆದ್ದಲು ತಾಗದಂತೆ ಕಲ್ಲುಗಳ ಮೇಲೆ ಕೂರಿಸಿದ ಮಣ್ಣಿನ ಗುಡಾಣ, ಮೇಲೆ ಹುಲ್ಲಿನ ಟೊಪ್ಪಿಗೆ. ತೆನೆ ತುಂಬುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಸಾಲ ತೀರಿಸಲು ಆಗಲೇ ಅಗ್ಗಕ್ಕೆ ಮಾರುತ್ತಾರೆ. ಜೂನ್ ಹೊತ್ತಿಗೆ ಕಣಜ ಬರಿದು. ಬಿತ್ತನೆ, ಕಳೆ ಎಂದು ಮೈಮುರಿಯುವ ಕೆಲಸ ಇರುವಾಗಲೇ ಅದೇ ಧಾನ್ಯವನ್ನು ಏರಿದ ಬೆಲೆಗೆ ಕೊಳ್ಳಬೇಕು. 2005ರ ಬಿಕ್ಕಟ್ಟಿನಲ್ಲೂ ಸಂತೆಯಲ್ಲಿ ಸಜ್ಜೆ ಇತ್ತು, ಬಡವರ ಕೈಯಲ್ಲಿ ದುಡ್ಡಿರಲಿಲ್ಲ. ಗಡಿಯಾಚೆಯ ನೈಜೀರಿಯದಲ್ಲಿ ಬೆಲೆ ಹೆಚ್ಚಿದರೆ ಇಲ್ಲಿನ ಚೀಲಗಳೂ ಅತ್ತಲೇ ಹೊರಡುತ್ತವೆ. ಸುಗ್ಗಿಯ ಚೀಲಗಳನ್ನು ಗೋದಾಮಿನಲ್ಲಿ ಅಡವಿಟ್ಟು ಸಾಲ ಪಡೆದು, ಬೆಲೆ ಏರಿದ ಮೇಲೆ ಮಾರುವ ‘ವಾರಂತಾಜ್’ ಪದ್ಧತಿ ಬಂದ ಊರುಗಳಲ್ಲಿ ಈ ಸುಳಿ ತುಸು ಸಡಿಲಾಗಿದೆ. ಸೀಮೆ ಪೂರ್ತಿ ಬರಡಾಗಿರುವುದರಿಂದ ಹಸಿವು ಎಂದುಕೊಂಡು ಬರುವವರು ಈ ಲೆಕ್ಕವನ್ನು ಮೊದಲು ತಿಳಿಯಬೇಕು.

ಮರಾದಿ ಸುತ್ತಲಿನ ಆರೋಗ್ಯ ಕೇಂದ್ರಗಳಲ್ಲಿ ಸರದಿ ಬೆಳಿಗ್ಗೆಯೇ ಶುರು. 6ರಿಂದ 59 ತಿಂಗಳ ಮಗುವಿನ ಎಡತೋಳನ್ನು ಇಳಿಬಿಟ್ಟು, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಬಣ್ಣದ ಪಟ್ಟಿ ಸುತ್ತುತ್ತಾರೆ. 115 ಮಿ.ಮೀ.ಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 125ರವರೆಗೆ ಹಳದಿ. ಬಿಗಿದು ಎಳೆದರೆ ಅಳತೆ ತಪ್ಪುತ್ತದೆ, ಚರ್ಮಕ್ಕೆ ಮುಟ್ಟಿದರೆ ಸಾಕು. ಪಾದಗಳ ಮೇಲೆ ಮೂರು ಸೆಕೆಂಡು ಹೆಬ್ಬೆರಳು ಒತ್ತಿ ಗುಳಿ ಉಳಿದರೆ, ತೋಳು ದಪ್ಪಗಿದ್ದರೂ ಅದು ಅಪೌಷ್ಟಿಕತೆಯ ಬಾವು. ಮದ್ದಾಗಿ ಕೊಡುವುದು 92 ಗ್ರಾಂ ಪೊಟ್ಟಣದ ಕಡಲೆಕಾಯಿ ಪೇಸ್ಟು: ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿ 500 ಕಿಲೋಕ್ಯಾಲೊರಿ. ನೀರಿನಂಶ ಇಲ್ಲದ್ದರಿಂದ ಕೆಡದು, ಬೇಯಿಸುವುದೂ ಬೇಡ. ಆದರೆ ಮನೆಯಲ್ಲಿ ಹಸಿದ ಅಣ್ಣಂದಿರು ಅಕ್ಕಂದಿರು ಇರುತ್ತಾರೆ, ಪೊಟ್ಟಣ ಹಂಚಿಹೋಗುತ್ತದೆ. ಮಗುವಿನ ತೂಕ ಏರದಿದ್ದರೆ ತಾಯಿಯನ್ನು ಗದರುವ ಮೊದಲು ಆ ಮನೆಯ ಕಣಜವನ್ನು ನೆನೆಯಬೇಕು.

1960ರಲ್ಲಿ ಸುಮಾರು 34 ಲಕ್ಷವಿದ್ದ ಜನ ಈಗ ಎರಡೂವರೆ ಕೋಟಿ ಮೀರಿದ್ದಾರೆ. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಬಂತು; ಕೆಲವು ವರ್ಷ ಬೀಳು ಬಿಟ್ಟು ಮಣ್ಣಿಗೆ ಉಸಿರು ಕೊಡುವ ರೂಢಿಯೇ ಹೋಯಿತು. ಆದರೆ ಇದೇ ಇಕ್ಕಟ್ಟಾದ ಮರಾದಿಯಲ್ಲಿ ಮರಗಳು ಹೆಚ್ಚಿವೆ! 1980ರ ದಶಕದಿಂದ ರೈತರು ಸಸಿ ನೆಡದೆಯೇ ಮಾಡಿದ ಕೆಲಸ ಇದು. ಕಡಿದ ಮರದ ಬುಡದಿಂದ ಚಿಗುರುವ ಕೂಳೆಯಲ್ಲಿ ನಾಲ್ಕೈದು ಗಟ್ಟಿ ಕವಲು ಉಳಿಸಿ, ಮಿಕ್ಕವನ್ನು ಕತ್ತರಿಸಿ, ಉಳಿದವುಗಳ ಕೆಳಗಿನ ಅರ್ಧದ ಕೊಂಬೆ ಸವರುತ್ತಾರೆ. ಮೇಕೆ ನುಗ್ಗಿದರೆ, ಸೌದೆಗೆ ಯಾರಾದರೂ ಕಡಿದೊಯ್ದರೆ ಶ್ರಮವೆಲ್ಲ ವ್ಯರ್ಥ, ಹಾಗಾಗಿ ಊರೇ ಕಾವಲು ಒಪ್ಪಬೇಕು. ರೈತರು ಕೊಂಡಾಡುವ ಮರ ಗಾವೊ: ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ, ಸಜ್ಜೆಗೆ ನೆರಳಾಗದು, ಮಣ್ಣಿಗೆ ಸಾರ ಕೊಡುತ್ತದೆ.

ಊಟಕ್ಕೆ ಸಿಗುವುದು ತುವೊ, ಸಜ್ಜೆ ಹಿಟ್ಟಿನ ಮುದ್ದೆ. ಜೊತೆಗೆ ಒಣಗಿಸಿ ಪುಡಿಮಾಡಿದ ಬಾವೊಬಾಬ್ ಎಲೆಯ ಲೋಳೆ ಸಾರು. ಸವಣೂರಿನ ದೊಡ್ಡಹುಣಸೆ ಮರಗಳು ಅದೇ ಜಾತಿಯವು.

ಇನ್ನೂ ಪೂರ್ವಕ್ಕೆ ಜಿಂದರ್. 2007ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಅಲ್ಲಿ ‘ಗಂಡಂದಿರ ಶಾಲೆ’ ಆರಂಭಿಸಿತು, ಏಕೆಂದರೆ ಹೆಂಡತಿ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವನು ಗಂಡ. 2012ರ ಸಮೀಕ್ಷೆಯಲ್ಲಿ ಒಬ್ಬ ಮಹಿಳೆಗೆ ಸರಾಸರಿ 7.6 ಮಕ್ಕಳು, ಬಯಸುವ ಸಂಖ್ಯೆ ಅದಕ್ಕೂ ಹೆಚ್ಚು. ಹಾಗಿರುವಲ್ಲಿ ಮಕ್ಕಳು ಸಾಕು ಎನ್ನುವ ಉಪದೇಶ ಯಾರ ಕಿವಿಗೂ ಇಳಿಯದು, ಹೆರಿಗೆಗಳ ನಡುವಿನ ಅಂತರದ ಮಾತು ಇಳಿಯುತ್ತದೆ. ಬೇಗ ಮತ್ತೆ ಬಸಿರಾದ ತಾಯಿ ಕಂಕುಳ ಕೂಸಿಗೆ ಎದೆಹಾಲು ಬಿಡಿಸುತ್ತಾಳೆ. ಆಗಸ್ಟ್‌ನಲ್ಲಿ ಕೆಂಪು ಪಟ್ಟಿಗೆ ಬರುವುದು ಬಹಳ ಸಲ ಆ ಕೂಸೇ.