ಮರಳು, ಕೆಸರು ಮತ್ತು ಟೆಕ್ಸಸ್‌ನ ಒಂದು ದಶಕ

ಇಪ್ಪತ್ತನೇ ಶತಮಾನದ ಮೊದಲ ಹತ್ತು ವರ್ಷಗಳ ಟೆಕ್ಸಸ್ ಎಂದರೆ ಎರಡು ತಾರೀಖು ಎಲ್ಲರ ಬಾಯಲ್ಲೂ ಬರುತ್ತವೆ. 1900ರ ಸೆಪ್ಟೆಂಬರ್ 8, ಗ್ಯಾಲ್ವೆಸ್ಟನ್ ದ್ವೀಪನಗರಕ್ಕೆ ಚಂಡಮಾರುತ ಬಡಿದ ದಿನ. 1901ರ ಜನವರಿ 10, ಬ್ಯೂಮಾಂಟ್ ಊರಿನ ಪಕ್ಕದ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಎಣ್ಣೆ ಚಿಮ್ಮಿದ ದಿನ. ಎರಡರ ನಡುವೆ ನಾಲ್ಕು ತಿಂಗಳು, ನೂರು ಕಿಲೋಮೀಟರ್ ಚಿಲ್ಲರೆ ದೂರ. ಒಂದನ್ನು ದುರಂತ ಅಂತಲೂ ಇನ್ನೊಂದನ್ನು ಅದೃಷ್ಟ ಅಂತಲೂ ಬೇರೆ ಬೇರೆ ಬರೆಯುವುದು ರೂಢಿ. ಕೆಲಸದ ಕಣ್ಣಿಂದ ನೋಡಿದರೆ ಎರಡೂ ಕಡೆ ಕಾಟ ಕೊಟ್ಟದ್ದು ಮರಳು, ಕೈಹಿಡಿದದ್ದು ಕೆಸರು ನೀರು.

ಗ್ಯಾಲ್ವೆಸ್ಟನ್ ಆಗ ಹತ್ತಿ ಸಾಗಿಸುವ ದೊಡ್ಡ ಬಂದರು. ಜನಸಂಖ್ಯೆ 37,000ಕ್ಕೂ ಸ್ವಲ್ಪ ಜಾಸ್ತಿ. ಊರಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಒಂಬತ್ತು ಅಡಿ ಮುಟ್ಟುತ್ತಿರಲಿಲ್ಲ. ಅಂದು ಉಕ್ಕಿದ ನೀರು 15 ಅಡಿ ದಾಟಿತು. ಲೆಕ್ಕ ಅಷ್ಟೇ, ಅದಕ್ಕೆ ಬೇರೆ ವಿವರಣೆ ಬೇಕಿಲ್ಲ. ಸತ್ತವರು 6,000ದಿಂದ 8,000 ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು, ನೆಲಸಮವಾದ ಮನೆಗಳು 3,600ರ ಆಸುಪಾಸು. ಚಂಡಮಾರುತ ಈ ಊರನ್ನು ಹಾಳುಮಾಡುತ್ತದೆ ಎಂಬ ಭಯ ಬರೀ ಭ್ರಮೆ ಎಂದು 1891ರಲ್ಲೇ ಊರಿನ ಪತ್ರಿಕೆಗೆ ಬರೆದಿದ್ದವರು ಅಲ್ಲಿನ ಹವಾಮಾನ ಕಚೇರಿಯ ಐಸಾಕ್ ಕ್ಲೈನ್. ಅವರ ಹೆಂಡತಿಯೂ ಆ ರಾತ್ರಿ ನೀರುಪಾಲಾದರು.

ಒಂದು ಸಂಗತಿ ಗಮನಿಸಬೇಕು. ಕಡಲ ಕಡೆಯ ಮನೆಗಳು ಮುರಿದು, ಅವುಗಳ ತೊಲೆ, ಹಲಗೆ, ಛಾವಣಿ ಎಲ್ಲ ಸೇರಿ ಎರಡು ಮಾಳಿಗೆ ಎತ್ತರದ ರಾಶಿಯಾಗಿ ಊರೊಳಗೆ ಒಂದು ಕಡೆ ನಿಂತವು. ಆ ರಾಶಿಯ ಹಿಂದಿದ್ದ ಮನೆಗಳು ಬಹುಪಾಲು ಉಳಿದವು. ಅಲೆಯ ಹೊಡೆತವನ್ನು ತಡೆದರೆ ಸಾಕು, ಒಳಗೆ ಬರೀ ನೀರು ಏರಿದರೆ ಮನೆ ತಡೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪರಿಹಾರ ಹೇಳಲು ನೇಮಿಸಿದ್ದು ಮೂವರು ಎಂಜಿನಿಯರುಗಳನ್ನು: ಹೆನ್ರಿ ಮಾರ್ಟಿನ್ ರಾಬರ್ಟ್, ಆಲ್ಫ್ರೆಡ್ ನೋಬಲ್, ಎಚ್.ಸಿ. ರಿಪ್ಲಿ. (ಸಭೆ ನಡೆಸುವ ನಿಯಮಗಳ ಪುಸ್ತಕ ಬರೆದು ಹೆಸರಾದ ರಾಬರ್ಟ್ ಇವರೇ.) 1902ರ ಜನವರಿಯಲ್ಲಿ ಅವರು ಕೊಟ್ಟ ಸಲಹೆ ಎರಡು ಭಾಗದ್ದು. ಗೋಡೆ ಕಟ್ಟಿ, ಊರನ್ನೂ ಎತ್ತಿ.

ಗೋಡೆ 1902ರ ಅಕ್ಟೋಬರ್‌ನಲ್ಲಿ ಶುರುವಾಗಿ 1904ರ ಜುಲೈಗೆ ಮುಗಿಯಿತು. ಮೊದಲ ಹಂತದ ಉದ್ದ ಮೂರು ಮೈಲಿಗಿಂತ ಸ್ವಲ್ಪ ಹೆಚ್ಚು. ಇಳಿತದ ನೀರಿನ ಮಟ್ಟದಿಂದ 17 ಅಡಿ ಎತ್ತರ, ಬುಡದಲ್ಲಿ 16 ಅಡಿ ದಪ್ಪ, ತುದಿಯಲ್ಲಿ 5 ಅಡಿ. ಮರಳ ಮೇಲೆ ನೇರ ಕಾಂಕ್ರೀಟ್ ಸುರಿದರೆ ಅದು ಕೂತುಬಿಡುತ್ತದೆ, ಬಾಗುತ್ತದೆ. ಹಾಗಾಗಿ ಮೊದಲು 40 ಅಡಿಯ ಮರದ ಕಂಬಗಳನ್ನು ನೆಲಕ್ಕೆ ಹೊಡೆದರು. ಅಲೆ ಬುಡ ಕೊರೆದು ಗೋಡೆಯ ಅಡಿಯಿಂದ ಮರಳು ಕದಿಯದಂತೆ ಹಲಗೆಗಳನ್ನು ಒತ್ತೊತ್ತಾಗಿ ಇಳಿಸಿದರು, ಗೋಡೆಯ ಮುಂದೆ 27 ಅಡಿ ಅಗಲಕ್ಕೆ ಗ್ರಾನೈಟ್ ಬಂಡೆ ಹಾಸಿದರು. ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಬಂಡೆ ಸುರಿಯುವುದನ್ನು ನೋಡಿದವರಿಗೆ ಈ ಕೊನೆಯ ಭಾಗ ಪರಿಚಿತ. ಆದರೆ ಇಲ್ಲಿ ಬಂಡೆ ಗೋಡೆಯಲ್ಲ, ಗೋಡೆಯ ಕಾಲಿಗೆ ಹಾಕಿದ ಜೋಡು. ಕಾಂಕ್ರೀಟನ್ನು 60 ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಸುರಿದು, ಗಟ್ಟಿಯಾದ ಮೇಲೆ ನಡುವಿನದ್ದನ್ನು ತುಂಬಿದರು. ಒಂದೇ ಉದ್ದಕ್ಕೆ ಸುರಿದಿದ್ದರೆ ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿ ಎಲ್ಲೆಂದರಲ್ಲಿ ಬಿರುಕು ಬಿಡುತ್ತಿತ್ತು. ಕಡಲ ಕಡೆಯ ಮುಖ ಒಳಬಾಗಿದೆ. ಬಂದ ಅಲೆ ಎದೆಗೆ ಗುದ್ದುವ ಬದಲು ಬಾಗಿನ ಮೇಲೆ ಏರಿ ಮೇಲಕ್ಕೆ ಚಿಮ್ಮುತ್ತದೆ.

ಗೋಡೆ ಕಟ್ಟುವುದು ಸುಲಭದ ಭಾಗ. ಊರನ್ನು ಎತ್ತಬೇಕಲ್ಲ! ಗೋಡೆ ಒಂದೇ ಇದ್ದರೆ ಹಿಂದಿನ ಕೊಲ್ಲಿಯ ಕಡೆಯಿಂದ ನೀರು ಬಂದು ಊರು ಬಟ್ಟಲಾಗುತ್ತದೆ. ಗೋಡೆ ದಾಟಿ ಬಿದ್ದ ನೀರಿಗೂ ಹೊರಹೋಗಲು ದಾರಿ ಬೇಕು. ಆದ್ದರಿಂದ ಗೋಡೆಯ ಹಿಂದೆ ನೆಲವನ್ನು ಎತ್ತರಿಸಿ, ಕೊಲ್ಲಿಯ ಕಡೆಗೆ 1,500 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಡುವುದು ಯೋಜನೆ. ಇದಕ್ಕೆ ಬೇಕಾದ ಮರಳು 1.6 ಕೋಟಿ ಘನ ಗಜಕ್ಕೂ ಹೆಚ್ಚು. ಗಾಡಿಯಲ್ಲಿ ಹೇರಿ ಮುಗಿಯುವ ಮಾತಲ್ಲ. ಗೊಡಾರ್ಟ್ ಅಂಡ್ ಬೇಟ್ಸ್ ಗುತ್ತಿಗೆದಾರರು ಊರ ನಡುವೆಯೇ 20 ಅಡಿ ಆಳದ ಅಗಲವಾದ ಕಾಲುವೆ ತೋಡಿದರು. ಕಾಲುವೆಯ ದಾರಿಯಲ್ಲಿದ್ದ ಮನೆಗಳನ್ನು ಬೇರೆಡೆಗೆ ಸರಿಸಿದರು, ಕೆಲಸ ಮುಗಿದ ಮೇಲೆ ಕಾಲುವೆಯನ್ನೂ ಮುಚ್ಚಿದರು. ಹೂಳೆತ್ತುವ ಹಡಗುಗಳು ಬಂದರಿನ ತಳದ ಮರಳನ್ನು ಹೀರಿ ಒಡಲಲ್ಲಿ ತುಂಬಿಕೊಂಡು ಕಾಲುವೆಯೊಳಗೆ ಬಂದು, ನೀರಿನ ಜೊತೆ ಕಲಸಿ ಕೊಳವೆಯಲ್ಲಿ ಬೀದಿಗಳಿಗೆ ತಳ್ಳುತ್ತಿದ್ದವು. ನೀರು ಹರಿದುಹೋಗಿ ಮರಳು ಕೂರುತ್ತಿತ್ತು.

ಮೊದಲು ಕಾಲು ಮೈಲಿ ಚೌಕದ ಒಂದು ಭಾಗಕ್ಕೆ ಸುತ್ತ ಒಡ್ಡು ಕಟ್ಟುವುದು. ಒಳಗಿನ ಮನೆ, ಚರಂಡಿ ಕೊಳವೆ, ಗ್ಯಾಸ್ ಕೊಳವೆ, ಟ್ರಾಮ್ ಹಳಿ ಎಲ್ಲ ಮೇಲೆತ್ತುವುದು. ಆಮೇಲೆ ಕೆಸರು ಬಿಡುವುದು. ಹೀಗೆ ಎತ್ತಿದ ಕಟ್ಟಡಗಳು ಎರಡು ಸಾವಿರಕ್ಕೂ ಹೆಚ್ಚು. ತಿರುಪಿನ ಜಾಕಿಗಳನ್ನು ತೊಲೆಯ ಕೆಳಗಿಟ್ಟು ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಅಳತೆಗೆ ತಿರುಗಿಸಬೇಕು. ಒಂದು ಮೂಲೆ ಬೆರಳಷ್ಟು ಮುಂದೆ ಹೋದರೂ ಗೋಡೆ ಸೀಳುತ್ತದೆ. ಸುಮಾರು 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ಸ್ ಚರ್ಚನ್ನು 700 ಜಾಕಿ ಇಟ್ಟು ಐದು ಅಡಿ ಎತ್ತಿದರು. ಕೆಸರಿನ ಖರ್ಚು ಸರ್ಕಾರದ್ದು, ಮನೆ ಎತ್ತಿಸುವ ಖರ್ಚು ಮನೆಯವರದ್ದೇ. ಕೈಲಾಗದ ಕೆಲವರು ಕೆಳಮಾಳಿಗೆಗೆ ಮರಳು ತುಂಬಲು ಬಿಟ್ಟು ಮೇಲಿನ ಮಾಳಿಗೆಗೆ ಹೋದರು. ಒಂದೊಂದು ಬಡಾವಣೆಯೂ ತಿಂಗಳುಗಟ್ಟಲೆ ಹಲಗೆ ಹಾದಿಗಳ ಮೇಲೆ ಓಡಾಡಿತು. ಕೆಲಸ ಪೂರ್ತಿ ಮುಗಿಯುವಷ್ಟರಲ್ಲಿ 1910 ಬಂದಿತ್ತು.

ಉಪ್ಪು ಮರಳಿಗೆ ಊರಿನ ಮರಗಿಡಗಳೆಲ್ಲ ಸತ್ತವು. ಮೇಲ್ಮಣ್ಣು ಹೊರಗಿನಿಂದ ತರಿಸಿ ಮತ್ತೆ ನೆಡಬೇಕಾಯಿತು. ನೆಟ್ಟವರಲ್ಲಿ ಮುಂದೆ ಇದ್ದದ್ದು ಊರಿನ ಹೆಂಗಸರ ಆರೋಗ್ಯ ಸಂಘ. ಅವರು ಹೆಚ್ಚಾಗಿ ನೆಟ್ಟದ್ದರಲ್ಲಿ ನಮ್ಮ ಕಣಗಿಲೆಯೂ ಒಂದು. ಉಪ್ಪುಗಾಳಿಗೆ ಬಗ್ಗದ ಗಿಡ, ದನವೂ ಬಾಯಿ ಹಾಕುವುದಿಲ್ಲ. ಇಂದಿಗೂ ಆ ಊರಿಗೆ ಕಣಗಿಲೆಯದೇ ಹೆಸರು.

ಈಗ ಸ್ಪಿಂಡಲ್‌ಟಾಪ್. ನಮ್ಮ ಕಡೆ ಬೋರ್‌ವೆಲ್ ಹಾಕುವಾಗ ಮೇಲಿನ ಸಡಿಲು ಮಣ್ಣಿಗೆ ಕೇಸಿಂಗ್ ಇಳಿಸಿ, ಬಂಡೆ ಸಿಕ್ಕಮೇಲೆ ನೆಮ್ಮದಿಯಾಗಿ ಕೊರೆಯುತ್ತಾರೆ. ಬ್ಯೂಮಾಂಟ್‌ನಲ್ಲಿ ಆ ನೆಮ್ಮದಿ ಇರಲಿಲ್ಲ, ನೂರಾರು ಅಡಿ ಹರಿಯುವ ಮರಳು. ದಿಬ್ಬದಲ್ಲಿ ಎಣ್ಣೆ ಇದೆಯೆಂದು ವರ್ಷಗಟ್ಟಲೆ ಹಟ ಹಿಡಿದವರು ಪಟಿಲೋ ಹಿಗಿನ್ಸ್. ಕೊರೆಸಿದವರು ಆಂಟನಿ ಲ್ಯೂಕಸ್. 1900ರ ಅಕ್ಟೋಬರ್ ಕೊನೆಗೆ ಕೊರೆಯಲು ನಿಂತವರು ಟೆಕ್ಸಸ್‌ನದೇ ಕಾರ್ಸಿಕಾನಾ ಊರಿನ ಹ್ಯಾಮಿಲ್ ಸಹೋದರರು. ತಿರುಗುವ ಕೊಳವೆಯೊಳಗೆ ನೀರು ಬಿಟ್ಟು ಪುಡಿಯನ್ನು ಮೇಲಕ್ಕೆ ತರುವುದು ಅವರ ಪದ್ಧತಿ. ಆದರೆ ತಿಳಿನೀರು ಮರಳಿನೊಳಗೆ ಇಂಗಿಹೋಗುತ್ತದೆ, ಬಾವಿಯ ಗೋಡೆ ಕುಸಿದು ಕೊಳವೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ನೀರಿಗೆ ಜೇಡಿ ಕಲಸಿದರು. ಗುಂಡಿಯಲ್ಲಿ ದನ ಓಡಾಡಿಸಿ ಕೆಸರು ಮಾಡಿದರು ಎಂಬ ಮಾತು ಎಣ್ಣೆಬಾವಿಯವರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಜೇಡಿ ಗೋಡೆಗೆ ಮೆತ್ತಿ ಗಾರೆಯಂತೆ ಹಿಡಿಯುತ್ತದೆ, ಕೆಸರಿನ ಭಾರ ಒಳಗಿನ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಇಂದಿಗೂ ಎಣ್ಣೆಬಾವಿ ಕೊರೆಯುವುದು ಇದೇ ತತ್ವದ ಮೇಲೆ.

ಜನವರಿ 10ರಂದು ಸಾವಿರ ಅಡಿ ದಾಟಿದ ಬಾವಿಗೆ ಹೊಸ ಬಿಟ್ (ಕೊರೆಯುವ ಮೊನೆ) ಹಾಕಿ ಕೊಳವೆ ಇಳಿಸುತ್ತಿದ್ದರು. 700 ಅಡಿ ಇಳಿದಿತ್ತು. ಕೆಸರು ಗುಳುಗುಳು ಎಂದು ಉಕ್ಕಿತು, ಕೊಳವೆಗಳು ಮೇಲಕ್ಕೆ ಹಾರಿಬಂದವು. ಆಮೇಲೆ ಸದ್ದಡಗಿತು. ಕೆಲಸದವರು ಕೆಸರು ಬಾಚಲು ಬಂದಾಗ ಮತ್ತೆ ಗುಡುಗಿ ಮೊದಲು ಗ್ಯಾಸ್, ನಂತರ ಎಣ್ಣೆ 150 ಅಡಿ ಎತ್ತರಕ್ಕೆ. ದಿನಕ್ಕೆ ಒಂದು ಲಕ್ಷ ಬ್ಯಾರಲ್ ಎಂದು ಅಂದಾಜು, ಒಂಬತ್ತು ದಿನ. ಮುಚ್ಚಿದ ಬಗೆ ಸೊಗಸಾಗಿದೆ. ಮುಚ್ಚಿದ ವಾಲ್ವನ್ನು ನೇರ ಮೇಲಿಟ್ಟರೆ ಎಣ್ಣೆ ಅದನ್ನು ಎಸೆದುಬಿಡುತ್ತದೆ. ಹಳಿಯ ಮೇಲೆ ಜಾರುವ ಚೌಕಟ್ಟಿಗೆ ವಾಲ್ವ್ ಕಟ್ಟಿ, ಬಾಯಿ ಪೂರ್ತಿ ತೆರೆದಿಟ್ಟು ಧಾರೆಯ ಮೇಲೆ ಜಾರಿಸಿದರು. ಎಣ್ಣೆ ಅದರೊಳಗಿಂದ ಹಾದುಹೋಗುತ್ತಿರುವಾಗಲೇ ಕೇಸಿಂಗ್‌ಗೆ ತಿರುಪು ಕೂರಿಸಿ, ಆಮೇಲೆ ಮುಚ್ಚಿದರು. ಒಂದು ಕಿಡಿ ಹಾರಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಮುಂದಿನದ್ದು ದುರಾಸೆ. ಯಾರ ಬಾವಿಯಿಂದ ಬಂತೋ ಎಣ್ಣೆ ಅವರದ್ದು ಎಂಬ ಕಾನೂನು ಇದ್ದಮೇಲೆ ಪಕ್ಕದವನಿಗಿಂತ ಮೊದಲು ಎತ್ತುವುದೇ ಜಾಣತನ. ಡೆರಿಕ್‌ಗಳು, ಅಂದರೆ ಬಾವಿ ಕೊರೆಯುವ ಗೋಪುರಗಳು, ಕಾಲಿಗೆ ಕಾಲು ತಾಗುವಂತೆ ನಿಂತವು. ಬೆಲೆ ಬ್ಯಾರಲ್‌ಗೆ 3 ಸೆಂಟಿಗೆ ಬಿತ್ತು. 1902ರಲ್ಲಿ ಒಂದೂಮುಕ್ಕಾಲು ಕೋಟಿ ಬ್ಯಾರಲ್ ಎತ್ತಿದ ದಿಬ್ಬ 1904ರ ಹೊತ್ತಿಗೆ ದಿನಕ್ಕೆ ಹತ್ತು ಸಾವಿರಕ್ಕೆ ಇಳಿಯಿತು. ಹಸುವನ್ನು ಅತಿಯಾಗಿ ಕರೆದರು, ಬುದ್ಧಿ ಉಪಯೋಗಿಸಿಯೂ ಕರೆಯಲಿಲ್ಲ ಎಂದು ಲ್ಯೂಕಸ್ ಹೇಳಿದರಂತೆ.

ಇದೇ ದಶಕದಲ್ಲಿ ಇನ್ನೂ ಕೆಲವು ನಡೆದವು. ಬಿರುಗಾಳಿಯ ನಂತರ ಗ್ಯಾಲ್ವೆಸ್ಟನ್ ನಗರಸಭೆಯ ಬದಲು ಖಾತೆ ಹಂಚಿಕೊಂಡ ಐವರು ಆಯುಕ್ತರ ಆಡಳಿತ ತಂದಿತು, ಬೇರೆ ಊರುಗಳೂ ನಕಲು ಮಾಡಿದವು. 1902ರಲ್ಲಿ ಮತ ಹಾಕಲು ತಲೆಗಂದಾಯ ಕಟ್ಟಬೇಕೆಂಬ ತಿದ್ದುಪಡಿ ಬಂತು, ಕಪ್ಪು ಜನರೂ ಬಡ ಬಿಳಿಯರೂ ಮತಪಟ್ಟಿಯಿಂದ ಹೊರಬಿದ್ದರು. 1906ರಲ್ಲಿ ಬ್ರೌನ್ಸ್‌ವಿಲ್ ಊರಲ್ಲಿ ಗುಂಡು ಹಾರಿಸಿದ ಆರೋಪ ಹೊರಿಸಿ, ವಿಚಾರಣೆಯೇ ಇಲ್ಲದೆ 167 ಕಪ್ಪು ಸೈನಿಕರನ್ನು ಅಧ್ಯಕ್ಷ ರೂಸ್‌ವೆಲ್ಟ್ ಸೇನೆಯಿಂದ ತೆಗೆದರು. ಆ ಆದೇಶ ರದ್ದಾದದ್ದು 1972ರಲ್ಲಿ. ಇವು ಒಂದೊಂದೂ ಬೇರೆ ಬರಹ ಬೇಡುವ ವಿಷಯ.

ಗೋಡೆಗೆ ಪರೀಕ್ಷೆ ಬಂದದ್ದು 1915ರ ಆಗಸ್ಟ್‌ನಲ್ಲಿ. 1900ರದ್ದಕ್ಕೆ ಸಮನಾದ ಚಂಡಮಾರುತ, ಗೋಡೆಯ ಹಿಂದೆ ಸತ್ತವರು ಕೆಲವೇ ಮಂದಿ. ಆದರೆ ಗೋಡೆಯ ಮುಂದಿನ ಮರಳ ದಂಡೆ ಬಹುಪಾಲು ಕೊಚ್ಚಿಹೋಯಿತು. ಗಟ್ಟಿ ಗೋಡೆಗೆ ಬಡಿದು ಹಿಂದಿರುಗುವ ಅಲೆ ತನ್ನೊಡನೆ ಮರಳನ್ನೂ ಎಳೆದೊಯ್ಯುತ್ತದೆ. ಅಲ್ಲಿಗೆ ಹೊರಗಿನಿಂದ ಮರಳು ತಂದು ತುಂಬುವ ಕೆಲಸ ಈಗಲೂ ಇದೆ. ಊರು ಎತ್ತರಿಸಿದ ಗುರುತು ನೋಡಬೇಕೆಂದರೆ ಬ್ರಾಡ್‌ವೇ ಬೀದಿಯ ಆಶ್ಟನ್ ವಿಲ್ಲಾ ಎಂಬ ಇಟ್ಟಿಗೆ ಬಂಗಲೆಯ ಮುಂದೆ ನಿಲ್ಲಬೇಕು. ಅದನ್ನು ಎತ್ತಲಿಲ್ಲ, ಸುತ್ತ ಮರಳು ತುಂಬಿದರು. ಕಬ್ಬಿಣದ ಬೇಲಿಯ ಕೆಳಭಾಗ ಈಗಲೂ ನೆಲದೊಳಗೇ ಇದೆ.